ಅತಿಥಿ ನಡುಮನೆಗೆ ಬಂದ ಮೇಲೆ

ಮೊರಾಕ್ಕೊಗೆ ಹೊರಟವರಿಗೆ ಹೋಗಿಬಂದವರೆಲ್ಲ ಕೊಡುವ ಸಲಹೆ ಒಂದೇ: ಹೋಟೆಲಿನಲ್ಲಿ ಇಳಿಯಬೇಡಿ, ರಿಯಾದ್‌ನಲ್ಲಿ ಇಳಿಯಿರಿ. ಸಲಹೆಯಲ್ಲಿ ತಪ್ಪಿಲ್ಲ. ಮರಾಕೆಶ್, ಫೆಜ್, ಮೆಕ್ನೆಸ್, ಎಸ್ಸಾವೀರಾ ಪಟ್ಟಣಗಳ ಕೋಟೆಗೋಡೆಯೊಳಗಿನ ಹಳೆಯ ಊರಿಗೆ ಮದೀನಾ ಎನ್ನುತ್ತಾರೆ. ಅಲ್ಲಿನ ಇಕ್ಕಟ್ಟಾದ ಓಣಿಗಳಲ್ಲಿ, ಬೀದಿಗೆ ಬೆನ್ನು ಹಾಕಿ ನಡುವಿನ ಅಂಗಳಕ್ಕೆ ಮುಖ ಮಾಡಿ ನಿಂತ ನೂರಾರು ಮನೆಗಳು ಕಳೆದ ಇಪ್ಪತ್ತೈದು ಮೂವತ್ತು ವರ್ಷಗಳಲ್ಲಿ ಅತಿಥಿಗೃಹಗಳಾಗಿವೆ. ಅಂಥ ಅಂಗಳದಲ್ಲಿ ಬೆಳಗಿನ ಹೊತ್ತು ಕೂತು ಪುದೀನ ಚಹಾ ಕುಡಿಯುವ ಸುಖ ಯಾವ ದೊಡ್ಡ ಹೋಟೆಲಿನಲ್ಲೂ ಸಿಗದು. ಸಲಹೆಯ ಬೆನ್ನಿಗೇ ಒಂದು ಸಮಾಧಾನದ ಮಾತೂ ಬರುತ್ತದೆ: ಪ್ರವಾಸಿಗರು ಬಂದದ್ದರಿಂದಲೇ ಈ ಮನೆಗಳು ಉಳಿದವು, ಇಲ್ಲದಿದ್ದರೆ ಎಂದೋ ಕುಸಿದುಬೀಳುತ್ತಿದ್ದವು. ನನ್ನ ತಕರಾರು ಇರುವುದು ಈ ಸಮಾಧಾನದ ಮೇಲೆ. ಅದು ಸುಳ್ಳೆಂದು ಹೇಳುವುದಿಲ್ಲ. ಆದರೆ ಮನೆ ಎಂದರೆ ನಾಲ್ಕು ಗೋಡೆ, ಒಂದು ಕಾರಂಜಿ, ಎರಡು ಕಿತ್ತಳೆ ಗಿಡ ಎಂದು ಒಪ್ಪಿಕೊಂಡರೆ ಮಾತ್ರ ಅದು ಪೂರ್ತಿ ನಿಜ. ಮದೀನಾದ ಮನೆಗಳನ್ನು ಕಟ್ಟಿದವರು ಹಾಗೆ ಒಪ್ಪಿಕೊಂಡಿರಲಿಲ್ಲ.

ಅವರು ಏನನ್ನು ಕಟ್ಟಿದರು ಎನ್ನುವುದನ್ನು ಬಾಗಿಲಿನಿಂದಲೇ ನೋಡಬಹುದು. ಕಬ್ಬಿಣದ ಗುಬ್ಬಿಗಳ ದಪ್ಪ ಬಾಗಿಲು ದಾಟಿ ಒಳಗೆ ಹೆಜ್ಜೆಯಿಟ್ಟರೆ ಎದುರಿಗೆ ಗೋಡೆ. ಮಂದ ಬೆಳಕಿನ ನಡವೆ ಅಲ್ಲಿಂದ ಬಲಕ್ಕೋ ಎಡಕ್ಕೋ ತಿರುಗುತ್ತದೆ, ಕೆಲವೆಡೆ ಎರಡು ಸಲ ತಿರುಗುತ್ತದೆ. ಆಮೇಲೆ ಒಮ್ಮೆಲೇ ಬೆಳಕು. ಬಾಗಿಲು ಹಾರುಹೊಡೆದಿದ್ದರೂ ಬೀದಿಯಲ್ಲಿ ಹೋಗುವವರಿಗೆ ಅಂಗಳ ಕಾಣದಿರಲಿ ಎಂದೇ ಈ ತಿರುವು. ಮೊರಾಕ್ಕೊದಲ್ಲಿ ನಡೆದುಬಂದ ಮಾಲಿಕೀ ಪಂಥದ ನ್ಯಾಯಶಾಸ್ತ್ರಜ್ಞರು ಇಂಥ ಸಂಗತಿಗಳ ಬಗ್ಗೆ ಶತಮಾನಗಳ ಕಾಲ ತೀರ್ಪು ಕೊಟ್ಟಿದ್ದಾರೆ. ಎದುರುಮನೆಯ ಬಾಗಿಲಿಗೆ ನೇರವಾಗಿ ನಿಮ್ಮ ಬಾಗಿಲು ಇಡಬಾರದು. ನೆರೆಯವರ ಅಂಗಳ ಕಾಣುವಂತೆ ಕಿಟಕಿ ತೆರೆಯಬಾರದು. ಹೊರಗೋಡೆಗೆ ಅಲಂಕಾರವಿಲ್ಲ, ಶ್ರೀಮಂತನ ಗೋಡೆಯೂ ಬಡವನ ಗೋಡೆಯೂ ಓಣಿಯಲ್ಲಿ ಹೆಚ್ಚುಕಡಿಮೆ ಒಂದೇ. ಇರುವ ಚೆಲುವೆಲ್ಲ ಒಳಗೆ, ಮನೆಯವರಿಗೆ.

ಒಳಗೆ ಅಂಗಳದ ಸುತ್ತ ಉದ್ದುದ್ದ, ಅಗಲ ಕಿರಿದಾದ ಕೋಣೆಗಳು. ಮಧ್ಯ ಅಟ್ಲಾಸ್ ಬೆಟ್ಟಗಳಿಂದ ಬರುತ್ತಿದ್ದ ದೇವದಾರು ತೊಲೆಗಳು ಎಷ್ಟು ಉದ್ದವೋ ಕೋಣೆ ಅಷ್ಟೇ ಅಗಲ. ಫೆಜ್‌ನ ಮನೆಗಳು ಮೂರು ನಾಲ್ಕು ಅಂತಸ್ತು ಎತ್ತರಕ್ಕೆ ಬೆಳೆದು ಅಂಗಳ ಬಾವಿಯಂತೆ ಆಳವಾಗಿರುತ್ತದೆ. ಮರಾಕೆಶ್‌ನ ಮನೆಗಳು ಗಿಡ್ಡ, ಅಂಗಳ ವಿಶಾಲ. ಅನುಕೂಲಸ್ಥರ ಮನೆಯಲ್ಲಿ ಅದನ್ನು ಕಾಲುದಾರಿಗಳಿಂದ ನಾಲ್ಕು ಪಾಲು ಮಾಡಿ, ನಡುವೆ ಕಾರಂಜಿ ಇಟ್ಟು, ಪಾಲುಗಳಲ್ಲಿ ಕಿತ್ತಳೆ, ನಿಂಬೆ ನೆಡುತ್ತಿದ್ದರು. ಕಟ್ಟುನಿಟ್ಟಾಗಿ ಇಂಥ ತೋಟದಂಗಳದ ಮನೆಯೇ ರಿಯಾದ್, ಬರೀ ಹಾಸಿನ ಅಂಗಳದ್ದು ದಾರ್. ಪ್ರವಾಸದ ವ್ಯಾಪಾರ ಎರಡನ್ನೂ ರಿಯಾದ್ ಎಂದೇ ಕರೆಯುವುದರಿಂದ ನಾನೂ ಹಾಗೇ ಕರೆಯುತ್ತೇನೆ. ರಾತ್ರಿಯ ತಣ್ಣನೆ ಗಾಳಿ ಭಾರವಾಗಿ ಅಂಗಳಕ್ಕಿಳಿದು ಅಲ್ಲೇ ನಿಲ್ಲುತ್ತದೆ. ದಪ್ಪ ಮಣ್ಣಿನ ಗೋಡೆಗಳು ಹಗಲಿನ ಬಿಸಿಲನ್ನು ಸಂಜೆಯವರೆಗೂ ಒಳಗೆ ಬಿಟ್ಟುಕೊಡುವುದಿಲ್ಲ. ಹೊರಗೆ ನಲವತ್ತು ಡಿಗ್ರಿ ಇರುವ ಮಧ್ಯಾಹ್ನ ಒಳಗೆ ಚಪ್ಪಲಿ ಬಿಟ್ಟು ಹಾಸಿನ ಮೇಲೆ ಕಾಲಿಟ್ಟವರಿಗೆ ಈ ಲೆಕ್ಕಾಚಾರ ತಾನಾಗಿ ಅರ್ಥವಾಗುತ್ತದೆ.

ನಮ್ಮ ಮಲೆನಾಡಿನ ತೊಟ್ಟಿಮನೆಯಲ್ಲಿ ಬೆಳೆದವರಿಗೆ ಇದೆಲ್ಲ ಗುರುತಿನದೇ ಅನ್ನಿಸೀತು. ಒಂದು ವ್ಯತ್ಯಾಸವಿದೆ, ಅದು ದೊಡ್ಡದು. ತೊಟ್ಟಿಮನೆಗೆ ಜಗಲಿಯಿದೆ. ದಾರಿಹೋಕ, ಒಕ್ಕಲಿನವನು, ಲೆಕ್ಕ ಕೇಳಲು ಬಂದವನು, ಯಾರೇ ಆದರೂ ಮೊದಲು ಜಗಲಿಯಲ್ಲಿ ಕೂರುತ್ತಾರೆ, ನೀರು ಬೆಲ್ಲ ಅಲ್ಲಿಗೇ ಬರುತ್ತದೆ. ಮದೀನಾದ ಮನೆಗೆ ಜಗಲಿಯಿಲ್ಲ. ಹಾಗೆಂದು ಅತಿಥಿಗೆ ಜಾಗವಿರಲಿಲ್ಲವೆಂದಲ್ಲ. ಫೆಜ್‌ನ ದೊಡ್ಡ ಮನೆಗಳಲ್ಲಿ ಮಸ್ರಿಯಾ ಎಂಬ ಪ್ರತ್ಯೇಕ ವಾಸದ ಭಾಗವಿತ್ತು: ಮೇಲಂತಸ್ತಿನಲ್ಲಿ ಒಂದೆರಡು ಕೋಣೆ, ಅದಕ್ಕೆ ಬಾಗಿಲ ಬಳಿಯಿಂದಲೇ ಬೇರೆ ಮೆಟ್ಟಿಲು. ಬಂದ ಗಂಡಸು ಅಂಗಳಕ್ಕೆ ಕಾಲಿಡದೆ ಮೇಲೆ ಹತ್ತಿಹೋಗುತ್ತಿದ್ದ, ಊಟ ಅಲ್ಲಿಗೆ ಹೋಗುತ್ತಿತ್ತು, ದಿನಗಟ್ಟಲೆ ಇದ್ದು ಮನೆಯವರ ಬದುಕಿಗೆ ಅಡ್ಡಬರದೆ ಹೊರಡುತ್ತಿದ್ದ. ಮರಾಕೆಶ್‌ನಲ್ಲೂ ಇಂಥದೇ ಏರ್ಪಾಡುಗಳಿದ್ದವು. ಅತಿಥಿಯನ್ನು ತುಂಬು ಮನಸ್ಸಿನಿಂದ ಬರಮಾಡಿಕೊಂಡೂ ಮನೆಯ ನಡುವನ್ನು ಮನೆಯವರಿಗೇ ಇಟ್ಟುಕೊಳ್ಳುವ ಜಾಣ್ಮೆ ಅದು.

ಇವತ್ತಿನ ರಿಯಾದ್‌ನಲ್ಲಿ ಈ ಏರ್ಪಾಡು ಪೂರ್ತಿ ತಲೆಕೆಳಗಾಗಿದೆ. ಅತಿಥಿ ನಡುಮನೆಯಲ್ಲಿದ್ದಾನೆ, ಮನೆಯವರು ಎಲ್ಲೂ ಇಲ್ಲ. ಯಾರಿಂದ ಈ ಅಂಗಳವನ್ನು ಕಾಪಾಡಬೇಕೆಂದು ನಡವೆಯನ್ನು ತಿರುಗಿಸಿದ್ದರೋ ಆ ಹೊರಗಿನವನೇ ಈಗ ಅಂಗಳದ ಏಕಮಾತ್ರ ನಿವಾಸಿ. ಇದನ್ನು ಆರೋಪವಾಗಿ ಹೇಳುತ್ತಿಲ್ಲ. ರಿಯಾದ್‌ನಲ್ಲಿ ಉಳಿದವರು ‘ಮೊರಾಕ್ಕೊದ ಮನೆಯಲ್ಲಿ ಇದ್ದೆವು’ ಎಂದುಕೊಂಡು ಬರುತ್ತಾರಲ್ಲ, ಆ ನಂಬಿಕೆಗೆ ಇದು ಪ್ರಶ್ನೆ.

ಮನೆಯವರಿದ್ದ ಕಾಲ ಸ್ವರ್ಗವಾಗಿತ್ತೆಂದು ಹೇಳಲು ಹೊರಟರೆ ತಡೆಯಲು ಫಾತಿಮಾ ಮೆರ್ನಿಸ್ಸಿ ಇದ್ದಾರೆ. 1940ರಲ್ಲಿ ಫೆಜ್‌ನಲ್ಲಿ ಹುಟ್ಟಿ ಸಮಾಜಶಾಸ್ತ್ರಜ್ಞೆಯಾಗಿ ಹೆಸರಾದ ಅವರು ತಮ್ಮ ಬಾಲ್ಯದ ಕಥನ ‘ಡ್ರೀಮ್ಸ್ ಆಫ್ ಟ್ರೆಸ್‌ಪಾಸ್’ ಅನ್ನು 1994ರಲ್ಲಿ ಪ್ರಕಟಿಸಿದರು. ಅದರಲ್ಲಿನ ಮನೆ ಇಂಥದೇ ಅಂಗಳದ ಮನೆ. ಹೆಬ್ಬಾಗಿಲಿಗೆ ಕಾವಲುಗಾರ, ಅವನ ಕಣ್ಣು ತಪ್ಪಿಸಿ ಹೆಂಗಸರು ಹೊರಗೆ ಕಾಲಿಡುವಂತಿಲ್ಲ. ಗಂಡಸರ ಹಜಾರದಲ್ಲಿ ಬೀಗ ಹಾಕಿಟ್ಟ ರೇಡಿಯೊವನ್ನು ಹೆಂಗಸರು ಕಳ್ಳಬೀಗದಕೈಯಿಂದ ತೆಗೆದು ಕೇಳುವ ಪ್ರಸಂಗ ಅಲ್ಲಿದೆ. ಈಗಿನ ಅತಿಥಿಗೆ ಪ್ರಶಾಂತವಾಗಿ ಕಾಣುವ ಆ ಚೌಕಾಕಾರದ ಆಕಾಶವೇ ಅಲ್ಲಿನ ಹುಡುಗಿಗೆ ಕಾಣುತ್ತಿದ್ದ ಎಲ್ಲ ಆಕಾಶ. ರಿಯಾದ್‌ನ ಬಗ್ಗೆ ಬರೆಯುವವರು ‘ಖಾಸಗಿತನದ ವಾಸ್ತುಶಿಲ್ಪ’ ಎಂದು ಹೊಗಳುವಾಗ ಈ ಪುಸ್ತಕ ಜೊತೆಗಿರಬೇಕು. ಆ ಖಾಸಗಿತನಕ್ಕೆ ಬೆಲೆ ಕೊಟ್ಟವರು ಮುಖ್ಯವಾಗಿ ಹೆಂಗಸರು. ಆದ್ದರಿಂದ ಹಳೆಯ ಕುಟುಂಬವ್ಯವಸ್ಥೆ ಮರಳಿ ಬರಲಿ ಎಂದು ನಾನು ಕೇಳುವುದಿಲ್ಲ. ಮೆರ್ನಿಸ್ಸಿಯವರ ಪುಸ್ತಕದಲ್ಲೇ ಇನ್ನೊಂದು ಸಂಗತಿಯೂ ಇದೆ: ಆ ಅಂಗಳದಲ್ಲಿ, ಮೇಲಿನ ತಾರಸಿಯಲ್ಲಿ ಜನ ತುಂಬಿದ್ದರು, ನಾಟಕ ಆಡುತ್ತಿದ್ದರು, ಕಸೂತಿ ಹಾಕುತ್ತಿದ್ದರು, ಜಗಳವಾಡುತ್ತಿದ್ದರು, ಹೊರಗಿನ ಲೋಕದ ಬಗ್ಗೆ ವಾದಿಸುತ್ತಿದ್ದರು. ಮನೆ ಎನ್ನುವುದು ಅದೂ ಹೌದು.

ಆ ಜನ ಎಲ್ಲಿ ಹೋದರು? ವಿದೇಶಿಯರು ಬಂದು ಓಡಿಸಿದರೆಂಬ ಸರಳ ಕಥೆ ಸಲ್ಲದು. ಮನೆಗಳು ಬರಿದಾಗಲು ಶುರುವಾದದ್ದು ಪ್ರವಾಸಿಗರಿಗಿಂತ ಬಹಳ ಮೊದಲು. 1912ರಲ್ಲಿ ಮೊರಾಕ್ಕೊ ಫ್ರಾನ್ಸಿನ ಸಂರಕ್ಷಿತ ರಾಜ್ಯವಾದಾಗ ಅಲ್ಲಿಗೆ ಬಂದ ರೆಸಿಡೆಂಟ್ ಜನರಲ್ ಲ್ಯೋತೆ, ತನ್ನ ನಗರಯೋಜಕ ಆಂರಿ ಪ್ರೊಸ್ತ್‌ನ ಕೈಯಲ್ಲಿ ಹಳೆಯ ಮದೀನಾಗಳನ್ನು ಮುಟ್ಟದೆ ಬಿಟ್ಟು, ಆಚೆಗೆ ಅಗಲ ರಸ್ತೆಗಳ ಹೊಸ ಊರುಗಳನ್ನು ಕಟ್ಟಿಸಿದ. ಮದೀನಾ ಉಳಿದದ್ದಕ್ಕೆ ಇವತ್ತಿಗೂ ಅವನಿಗೆ ಶಹಭಾಸ್ ಹೇಳುವವರಿದ್ದಾರೆ. ಆದರೆ ಹೊಸ ಊರು ಯುರೋಪಿಯನ್ನರಿಗೆ, ಹಳೆಯದು ಸ್ಥಳೀಯರಿಗೆ, ಹಣವೆಲ್ಲ ಹೊಸದಕ್ಕೆ. ಸಮಾಜಶಾಸ್ತ್ರಜ್ಞೆ ಜ್ಯಾನೆಟ್ ಅಬು-ಲುಘೋದ್ 1980ರಲ್ಲಿ ರಬಾತ್ ನಗರದ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನು ನಗರದ ವರ್ಣಭೇದ ಎಂದೇ ಕರೆದರು. 1956ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಫ್ರೆಂಚರು ಬಿಟ್ಟುಹೋದ ಬಂಗಲೆಗಳಿಗೆ ಮದೀನಾದ ಶ್ರೀಮಂತರು ಹೋದರು. ಫೆಜ್‌ನ ವರ್ತಕ ಕುಟುಂಬಗಳು ಕಾಸಾಬ್ಲಾಂಕಾ ಸೇರಿದವು. ಕಾರು ಮನೆಬಾಗಿಲಿಗೆ ಬರಬೇಕು, ಮಕ್ಕಳಿಗೆ ಒಳ್ಳೆಯ ಶಾಲೆ ಬೇಕು, ಸೊಸೆಗೆ ಅತ್ತೆಯ ಅಂಗಳದಿಂದ ಬಿಡುಗಡೆ ಬೇಕು. ಇದರಲ್ಲಿ ಯಾವುದನ್ನೂ ತಪ್ಪೆನ್ನಲಾಗದು.

ಬಿಟ್ಟುಹೋದ ಮನೆಗಳಿಗೆ ಹಳ್ಳಿಗಳಿಂದ ಬಂದ ಬಡವರು ಬಾಡಿಗೆಗೆ ಬಂದರು. ಒಂದು ಕುಟುಂಬದ ಮನೆಯಲ್ಲಿ ಕೋಣೆಗೊಂದು ಕುಟುಂಬ, ಅಂಗಳದ ಮೂಲೆಮೂಲೆಯಲ್ಲಿ ಗ್ಯಾಸ್ ಒಲೆ. ಇತ್ತ ಆಸ್ತಿ ತಲೆಮಾರಿನಿಂದ ತಲೆಮಾರಿಗೆ ಪಾಲಾಗುತ್ತಾ ಒಂದೇ ಮನೆಗೆ ಹತ್ತಿಪ್ಪತ್ತು ವಾರಸುದಾರರು ಹುಟ್ಟಿಕೊಂಡರು. ಸೋರುವ ಸೂರಿಗೆ ಹಣ ಹಾಕಲು ಅವರಲ್ಲಿ ಯಾರೂ ಮುಂದೆ ಬರಲಿಲ್ಲ. ಫೆಜ್‌ನ ಓಣಿಗಳಲ್ಲಿ ನಡೆಯುವಾಗ ಎದುರುಬದುರು ಗೋಡೆಗಳ ನಡುವೆ ಅಡ್ಡಡ್ಡ ಮರದ ದಿಮ್ಮಿಗಳನ್ನು ಕೊಟ್ಟು ಅವು ಒಂದರ ಮೇಲೊಂದು ಬೀಳದಂತೆ ತಡೆದಿರುವುದು ಈಗಲೂ ಕಾಣುತ್ತದೆ. ಫೆಜ್‌ನ ಮದೀನಾವನ್ನು ಯುನೆಸ್ಕೊ 1981ರಲ್ಲಿ, ಮರಾಕೆಶ್‌ನದನ್ನು 1985ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ್ದರಿಂದ ಸೂರು ಸೋರುವುದು ನಿಲ್ಲಲಿಲ್ಲ.

ವಿದೇಶಿ ಹಣ ಬಂದದ್ದು ಇಂಥ ಹೊತ್ತಿನಲ್ಲಿ. ಕಲಾವಿದರು, ಸಿರಿವಂತರು ಮೊದಲೂ ಬರುತ್ತಿದ್ದರು. ಫ್ಯಾಷನ್ ವಿನ್ಯಾಸಕಾರ ಈವ್ ಸಾಂ ಲೊರಾಂ 1966ರಲ್ಲೇ ಮರಾಕೆಶ್‌ನ ಮದೀನಾದಲ್ಲಿ ಮನೆ ಕೊಂಡಿದ್ದರು. ಆದರೆ ಸಾಮಾನ್ಯ ಮಧ್ಯಮವರ್ಗದ ಯುರೋಪಿಯನ್ನರ ಸಾಲು ಶುರುವಾದದ್ದು 1990ರ ದಶಕದ ಕೊನೆಗೆ, ಪ್ಯಾರಿಸ್ಸಿನ ಸಣ್ಣ ಫ್ಲ್ಯಾಟಿನ ಬೆಲೆಗೆ ಮರಾಕೆಶ್‌ನಲ್ಲಿ ಅರಮನೆಯಂಥ ಮನೆ ಸಿಗುತ್ತದೆಂಬ ಸುದ್ದಿ ಫ್ರೆಂಚ್ ಟಿವಿಯಲ್ಲಿ ಹರಡಿದ ಮೇಲೆ. 2010ರ ಹೊತ್ತಿಗೆ ವರ್ಷಕ್ಕೆ ಒಂದು ಕೋಟಿ ಪ್ರವಾಸಿಗರು ಬರಬೇಕೆಂಬ ಗುರಿಯನ್ನು ಸರ್ಕಾರ 2001ರಲ್ಲಿ ಹಾಕಿಕೊಂಡಿತು. 2006ರ ಕೊನೆಗೆ ಐರೋಪ್ಯ ಒಕ್ಕೂಟದೊಂದಿಗೆ ಮುಕ್ತ ವಿಮಾನಯಾನದ ಒಪ್ಪಂದವಾಗಿ ಅಗ್ಗದ ವಿಮಾನಗಳು ಬಂದವು. 2024ರಲ್ಲಿ ಮೊರಾಕ್ಕೊಗೆ ಬಂದವರ ಸಂಖ್ಯೆ 1.74 ಕೋಟಿ.

ಈ ಹಣ ಮಾಡಿದ ಒಳ್ಳೆಯದನ್ನು ಕಣ್ಣಾರೆ ಕಾಣಬೇಕೆಂದರೆ ಕುಶಲಕರ್ಮಿಗಳ ಹತ್ತಿರ ಹೋಗಬೇಕು. ಫೆಜ್‌ನ ಐನ್ ನೊಕ್ಬಿ ಎಂಬ ಕುಂಬಾರರ ಬಡಾವಣೆಯಲ್ಲಿ ಝೆಲಿಜ್ ಕೆಲಸವನ್ನು ನಾನು ಬಹಳ ಹೊತ್ತು ನಿಂತು ನೋಡಿದ್ದೇನೆ. ಝೆಲಿಜ್ ಎಂದರೆ ಬಣ್ಣದ ಮೆರುಗಿನ ಹೆಂಚಿನ ಬಿಲ್ಲೆಗಳಿಂದ ಚಿಕ್ಕ ಚಿಕ್ಕ ನಕ್ಷತ್ರ, ಪಟ್ಟಿ, ಎಲೆಗಳನ್ನು ಕಡಿದು ಜೋಡಿಸುವ ಕಲೆ. ಕಡಿಯುವವನು ನೆಲದ ಮೇಲೆ ಕೂತಿದ್ದ. ಎಡಗೈಯಲ್ಲಿ ಬಿಲ್ಲೆಯನ್ನು ಅಡಿಗಲ್ಲಿಗೆ ಒತ್ತಿ ಹಿಡಿದು, ಬಲಗೈಯ ಹರಿತ ಅಂಚಿನ ಭಾರದ ಸುತ್ತಿಗೆಯನ್ನು ಎತ್ತುವುದಕ್ಕಿಂತ ಹೆಚ್ಚಾಗಿ ಬೀಳಗೊಡುತ್ತಿದ್ದ. ಒಂದೊಂದು ಪೆಟ್ಟಿಗೆ ಅಕ್ಕಿಕಾಳಿನಷ್ಟು ಚೂರು ಹಾರುತ್ತಿತ್ತು. ಬಿಲ್ಲೆಯ ಹಿಂಬದಿಯ ಅಂಚನ್ನು ಓರೆಯಾಗಿ ಕೆತ್ತುತ್ತಾನೆ, ಮುಂಭಾಗದಲ್ಲಿ ಸಂದು ಕೂದಲೆಳೆಯಷ್ಟೂ ಕಾಣಬಾರದೆಂದು. ಆಚೆ ಜೋಡಿಸುವವನು ಚೂರುಗಳನ್ನು ಬಣ್ಣದ ಮುಖ ಕೆಳಗೆ ಮಾಡಿ ಇಡುತ್ತಿದ್ದ. ಅವನ ಕಣ್ಣಿಗೆ ಕಾಣುವುದು ಮಣ್ಣುಬಣ್ಣದ ಬೆನ್ನುಗಳಷ್ಟೇ. ಯಾವುದು ನೀಲಿ, ಯಾವುದು ಹಸಿರು ಎನ್ನುವುದೆಲ್ಲ ಅವನ ತಲೆಯಲ್ಲಿದೆ. ಮೇಲೆ ಗಾರೆ ಸುರಿದು ಗಟ್ಟಿಯಾದ ಮೇಲೆ ಮಗುಚಿದಾಗಲೇ ವಿನ್ಯಾಸ ಹೊರಬರುವುದು.

ಮರಾಕೆಶ್‌ನ ತದೆಲಾಕ್ತ್ ಕೂಡ ಹೀಗೆ ಕೈಯಳತೆಯ ಕೆಲಸ. ಸುಣ್ಣದ ಗಾರೆಯನ್ನು ಬಳಿದು, ಒಣಗುವ ಮುನ್ನ ನುಣುಪು ಕಲ್ಲಿನಿಂದ ಗಂಟೆಗಟ್ಟಲೆ ಉಜ್ಜಿ, ಕೊನೆಗೆ ಆಲಿವ್ ಎಣ್ಣೆಯ ಕಪ್ಪು ಸಾಬೂನನ್ನು ತಿಕ್ಕುತ್ತಾರೆ. ಸಾಬೂನು ಸುಣ್ಣದೊಂದಿಗೆ ಬೆರೆತು ನೀರು ಹಿಡಿಯದ ಮೈ ಬರುತ್ತದೆ. ಹಮ್ಮಾಮು ಎಂಬ ಸಾರ್ವಜನಿಕ ಸ್ನಾನಗೃಹಗಳಿಗೆ, ನೀರಿನ ತೊಟ್ಟಿಗಳಿಗೆಂದು ಇದ್ದ ಈ ಗಿಲಾವು ಇವತ್ತು ರಿಯಾದ್‌ಗಳ ಬಚ್ಚಲುಮನೆಗಳಿಂದಾಗಿ ಜಗತ್ತಿಗೆಲ್ಲ ಗೊತ್ತಾಗಿದೆ. ಮೇಸ್ತ್ರಿಗಳಿಗೆ ಕೆಲಸ ಬಂದಿದೆ, ಹುಡುಗರು ಕಲಿಯುತ್ತಿದ್ದಾರೆ. ಇದರ ಎಲ್ಲ ಕೀರ್ತಿ ರಿಯಾದ್‌ಗಳಿಗೆ ಸಲ್ಲದು; 1993ರಲ್ಲಿ ಮುಗಿದ ಕಾಸಾಬ್ಲಾಂಕಾದ ಹಸನ್ II ಮಸೀದಿಯೊಂದೇ ಸಾವಿರಾರು ಕುಶಲಕರ್ಮಿಗಳಿಗೆ ವರ್ಷಗಳ ಕಾಲ ಕೆಲಸ ಕೊಟ್ಟಿತ್ತು. ಆದರೂ ದೊಡ್ಡ ಪಾಲು ರಿಯಾದ್‌ಗಳದ್ದೇ.

ಆ ಬಚ್ಚಲುಮನೆಗಳ ವಿಷಯಕ್ಕೇ ಬರೋಣ, ಯಾಕೆಂದರೆ ಉಳಿಸುವುದು ಮತ್ತು ಕೆಡಿಸುವುದು ಎಷ್ಟು ಹತ್ತಿರದ ಕೆಲಸಗಳೆಂದು ಅಲ್ಲೇ ಗೊತ್ತಾಗುವುದು. ಹಳೆಯ ಮನೆಯಲ್ಲಿ ಕೆಳಗೆ ಒಂದು ಪಾಯಿಖಾನೆ, ನೀರು ಅಂಗಳದಲ್ಲಿ, ಸ್ನಾನ ಓಣಿಯ ಹಮ್ಮಾಮಿನಲ್ಲಿ. ಅತಿಥಿಗೃಹವಾದಾಗ ಏಳೆಂಟು ಕೋಣೆಗೆ ಏಳೆಂಟು ಬಚ್ಚಲು, ಮೇಲಂತಸ್ತಿನಲ್ಲೂ ಷವರ್. ಹಲವೆಡೆ ಕಾರಂಜಿ ಕಿತ್ತು ಅಲ್ಲಿ ಪುಟ್ಟ ಈಜುಕೊಳ. ಮಣ್ಣು ಸುಣ್ಣದಿಂದ ಎದ್ದ ಗೋಡೆಗಳೊಳಗೆ ಕೊಳಾಯಿಗಳು ಹಾದವು. ಎಲ್ಲೋ ಒಂದು ಕಡೆ ಜಿನುಗಿದರೆ ತೇವ ಗೋಡೆಯ ಬುಡಕ್ಕಿಳಿಯುತ್ತದೆ. ಅವಸರದಲ್ಲಿ ದುರಸ್ತಿ ಮಾಡಿದವರು ಸಿಮೆಂಟು ಬಳಿದರೆ ಇನ್ನೂ ಕಷ್ಟ: ಸುಣ್ಣದ ಗಿಲಾವು ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ, ಒಳಗಿನ ಮಣ್ಣು ಮೆತ್ತಗಾಗುತ್ತದೆ. ಮದೀನಾದಲ್ಲಿ ಗೋಡೆ ಒಬ್ಬರದಲ್ಲ. ಒಂದು ಮನೆಯ ಗೋಡೆಯೇ ಪಕ್ಕದ ಮನೆಯದೂ. ಒಂದು ಇನ್ನೊಂದಕ್ಕೆ ಒರಗಿ ನಿಂತಿರುತ್ತದೆ. ಹಾಗಾಗಿ ಅತಿಥಿಯ ಷವರಿನ ನೀರು ಗೋಡೆಯಾಚೆ ಇರುವ ಬಾಡಿಗೆಯವರ ಕೋಣೆಯಲ್ಲಿ ಕಲೆಯಾಗಿ ಮೂಡಬಹುದು. ಅವರ ಹತ್ತಿರ ತದೆಲಾಕ್ತ್ ಮಾಡಿಸಲು ಹಣವಿಲ್ಲ. ಈ ಕಾರಣಕ್ಕೇ, ರಿಯಾದ್‌ಗಳು ಮದೀನಾವನ್ನು ಉಳಿಸಿವೆ ಎನ್ನುವ ಲೆಕ್ಕವನ್ನು ಮನೆಮನೆಯಾಗಿ ಹಾಕಿದರೆ ತಪ್ಪುತ್ತದೆ. ಓಣಿಯಾಗಿ ಹಾಕಬೇಕು.

ಓಣಿಗೆ ಅಲ್ಲಿ ದರ್ಬ್ ಎನ್ನುತ್ತಾರೆ. ಅನೇಕವು ಒಂದು ಕಡೆ ಮುಚ್ಚಿದವು, ಕೆಲವಕ್ಕೆ ರಾತ್ರಿ ಹಾಕುವ ಬಾಗಿಲೂ ಇತ್ತು. ಹತ್ತಾರು ದರ್ಬ್‌ಗಳು ಸೇರಿದ ಕೇರಿಗೆ ಒಂದು ಮಸೀದಿ, ಬೀದಿಯ ನಲ್ಲಿ, ಮಕ್ಕಳು ಕುರಾನ್ ಕಲಿಯುವ ಶಾಲೆ, ಹಮ್ಮಾಮು, ಮತ್ತು ಫರ್ರಾನ್ ಎಂಬ ಸಾರ್ವಜನಿಕ ಒಲೆ. ಬೆಳಿಗ್ಗೆ ಮನೆಯಲ್ಲಿ ನಾದಿದ ಹಿಟ್ಟಿನ ದುಂಡು ರೊಟ್ಟಿಗಳನ್ನು ಹಲಗೆಯ ಮೇಲಿಟ್ಟು ಬಟ್ಟೆ ಮುಚ್ಚಿ ಮಕ್ಕಳ ಕೈಯಲ್ಲಿ ಒಲೆಗೆ ಕಳಿಸುತ್ತಾರೆ. ಒಲೆಯವನಿಗೆ ಯಾರ ರೊಟ್ಟಿ ಯಾವುದೆಂದು ನೋಡಿದರೇ ಗೊತ್ತು. ಮರಾಕೆಶ್‌ನಲ್ಲಿ ತಂಜಿಯಾ ಎಂಬ ಮಾಂಸದಡುಗೆಯನ್ನು ಮಣ್ಣಿನ ಕೊಡದಲ್ಲಿ ತುಂಬಿ ಹಮ್ಮಾಮಿನ ಉರಿಮನೆಗೆ ಕೊಡುತ್ತಾರೆ. ನೀರು ಕಾಯಿಸುವ ಬೆಂಕಿಯ ಬೂದಿಯಲ್ಲಿ ಅದು ಗಂಟೆಗಟ್ಟಲೆ ಬೇಯುತ್ತದೆ. ಒಂದೇ ಸೌದೆಯಲ್ಲಿ ಕೇರಿಯ ಸ್ನಾನವೂ ಆಯಿತು, ಊಟವೂ ಆಯಿತು. ಮನೆಯೊಳಗೆ ಬಚ್ಚಲು, ರೊಟ್ಟಿಯ ಒಲೆ ಇಲ್ಲದೆಯೂ ಆ ಮನೆಗಳು ಪೂರ್ಣವಾಗಿದ್ದುದು ಇವುಗಳಿಂದಾಗಿ.

ಅತಿಥಿಗೃಹಕ್ಕೆ ಇವು ಯಾವುವೂ ಬೇಡ. ರೊಟ್ಟಿ ಅಂಗಡಿಯಿಂದ ಬರುತ್ತದೆ ಅಥವಾ ಒಳಗೇ ಬೇಯುತ್ತದೆ, ಸ್ನಾನ ಕೋಣೆಯಲ್ಲಿ, ಮಕ್ಕಳಿಲ್ಲ, ಶಾಲೆ ಬೇಕಿಲ್ಲ. ಒಂದು ದರ್ಬ್‌ನಲ್ಲಿ ಹತ್ತು ಮನೆಗಳಿದ್ದು ಎರಡು ರಿಯಾದ್ ಆದರೆ ಒಲೆಯವನಿಗೆ ಏನೂ ಆಗದು. ಆರು ಆದರೆ ಅವನ ಬೆಳಗಿನ ಗಿರಾಕಿಗಳಲ್ಲಿ ಹೆಚ್ಚಿನವರು ಹೋದರು. ಒಲೆ ಮುಚ್ಚಿದರೆ ಉಳಿದ ನಾಲ್ಕು ಮನೆಗಳ ಬದುಕೂ ಅಷ್ಟರಮಟ್ಟಿಗೆ ಬಡವಾಯಿತು, ಅವರಿಗೂ ಹೊರಡಲು ಒಂದು ಕಾರಣ ಸಿಕ್ಕಿತು. 2024ರ ಆರಂಭದಲ್ಲಿ ಸತತ ಬರದಿಂದ ನೀರಿಗೆ ತತ್ವಾರವಾಗಿ ಕಾಸಾಬ್ಲಾಂಕಾ ಸೇರಿ ಹಲವು ಊರುಗಳಲ್ಲಿ ಹಮ್ಮಾಮುಗಳನ್ನು ವಾರಕ್ಕೆ ಮೂರು ದಿನ ಮುಚ್ಚಿಸಿದರು. ಮನೆಯಲ್ಲಿ ಬಿಸಿನೀರಿಲ್ಲದವರು ಸ್ನಾನಕ್ಕೆ ಹೋಗುವುದು ಅಲ್ಲಿಗೇ. ಅಂಥ ದೇಶದಲ್ಲಿ ಅಂಗಳದ ಈಜುಕೊಳದ ಬಗ್ಗೆ ಯೋಚಿಸದೆ ಇರಲು ನನ್ನಿಂದ ಆಗುವುದಿಲ್ಲ.

ತಾರಸಿಯ ಕಥೆ ಬೇರೆ. ಅದು ಹೆಂಗಸರ ಜಾಗ. ಬಟ್ಟೆ ಒಣಹಾಕುವುದು, ಉಣ್ಣೆ ಒಣಗಿಸುವುದು, ಪಕ್ಕದ ತಾರಸಿಯವಳೊಂದಿಗೆ ಮಾತು. ಮುಂದೆ ನೊಬೆಲ್ ಪಡೆದ ಎಲಿಯಾಸ್ ಕನೆಟ್ಟಿ 1954ರಲ್ಲಿ ಮರಾಕೆಶ್‌ಗೆ ಹೋಗಿದ್ದಾಗ ಪರಿಚಿತರೊಬ್ಬರ ಮನೆಯ ತಾರಸಿ ಹತ್ತಿ ಊರೆಲ್ಲ ನೋಡಬೇಕೆಂದುಕೊಂಡಿದ್ದರು. ಇಲ್ಲಿ ಅಕ್ಕಪಕ್ಕದ ತಾರಸಿಗಳತ್ತ ನೋಡಬಾರದೆಂದು ಮನೆಯಾತ ಎಚ್ಚರಿಸಿದ್ದನ್ನು ತಮ್ಮ ಮರಾಕೆಶ್ ಪುಸ್ತಕದಲ್ಲಿ ಬರೆದಿದ್ದಾರೆ. ಈಗ ರಿಯಾದ್‌ನ ತಾರಸಿಯೆಂದರೆ ಕೊಡೆ, ದಿಂಬು, ಸಂಜೆಯ ಊಟ, ಮತ್ತು ಫೋನಿನ ಕ್ಯಾಮೆರಾ. ಸೂರ್ಯಾಸ್ತದ ಚಿತ್ರದಲ್ಲಿ ಪಕ್ಕದ ಮನೆಯ ಬಟ್ಟೆಯ ತಂತಿಯೂ ಅದರ ಹಿಂದೆ ಬಾಗಿದ ಹೆಂಗಸೂ ಬರುತ್ತಾರೆ. ಕನೆಟ್ಟಿಗೆ ಹೇಳಲು ಒಬ್ಬ ಮನೆಯಾತನಿದ್ದ. ಇವತ್ತಿನ ಅತಿಥಿಗೆ ಹೇಳುವವರು ಕಡಿಮೆ, ಹೇಳಿದರೆ ಗಿರಾಕಿ ಬೇಸರಪಟ್ಟುಕೊಂಡಾನೆಂಬ ಅಂಜಿಕೆ ಬೇರೆ. ಅಂಗಳದಲ್ಲಿ ಆಡಿದ ಮಾತು ಮೇಲೆದ್ದು ಅಕ್ಕಪಕ್ಕದ ಅಂಗಳಗಳಿಗೆ ಇಳಿಯುತ್ತದೆಂಬುದೂ ಹೊರಗಿನಿಂದ ಬಂದವರಿಗೆ ತಿಳಿದಿರುವುದಿಲ್ಲ. ರಾತ್ರಿ ಹನ್ನೆರಡರ ನಗೆಯನ್ನು ಬೆಳಗಿನ ಪ್ರಾರ್ಥನೆಗೆ ಏಳಬೇಕಾದವರು ಕೇಳಿಸಿಕೊಳ್ಳುತ್ತಾರೆ.

ಇಷ್ಟು ಹೇಳಿದ ಮೇಲೆ ಬಲವಾದ ಆಕ್ಷೇಪವೊಂದಕ್ಕೆ ಉತ್ತರ ಕೊಡಲೇಬೇಕು. ಸೋರುವ ಸೂರಿನಡಿ ಒಂದು ಕೋಣೆಯಲ್ಲಿ ಆರು ಜನ ಮಲಗುತ್ತಿದ್ದ ಕುಟುಂಬ ಹೊಸ ಬಡಾವಣೆಯ ಫ್ಲ್ಯಾಟಿಗೆ ಹೋದರೆ ಅದನ್ನು ದುಃಖದ ಕಥೆ ಮಾಡಲು ನಾವು ಯಾರು? ದೂರದಿಂದ ಬಂದು ಎರಡು ದಿನ ಇರುವವರಿಗೆ ಓಣಿ ಜೀವಂತವಾಗಿ ಕಾಣಲೆಂದು ಅವರು ಅಲ್ಲೇ ಇರಬೇಕೆ? ಇರಬೇಕಿಲ್ಲ. ಹೋಗುವ ಹಕ್ಕು ಅವರದು. ಆದರೆ ಈ ಆಕ್ಷೇಪ ಮಾರಿದವರನ್ನೂ ಹೊರಟವರನ್ನೂ ಒಂದೇ ಎಂದು ತಿಳಿದಿದೆ. ಮಾರಿದವರು ಬಹಳ ಸಲ ಹಿಂದೆಯೇ ಮದೀನಾ ಬಿಟ್ಟಿದ್ದ ಮಾಲೀಕರ ಮಕ್ಕಳು ಮೊಮ್ಮಕ್ಕಳು. ಹೊರಟವರು ಕೋಣೆಗೊಂದು ಕುಟುಂಬದಂತೆ ಇದ್ದ ಬಾಡಿಗೆದಾರರು. ಬೆಲೆ ಮೊದಲಿನವರ ಕೈಗೆ ಬಂತು. ಎರಡನೆಯವರಿಗೆ ಸಿಕ್ಕಿದ್ದು ಸ್ವಲ್ಪ ಪರಿಹಾರ, ಕೆಲವರಿಗೆ ಅದೂ ಇಲ್ಲ, ಮತ್ತು ಊರಾಚೆಯಿಂದ ಕೆಲಸಕ್ಕೆ ಬರುವ ದೂರ. ಮನೆಯ ಬೆಲೆ ಯುರೋ ಲೆಕ್ಕಕ್ಕೆ ಏರಿದ ಮೇಲೆ ಮದೀನಾದಲ್ಲೇ ಹುಟ್ಟಿ ಅಲ್ಲೇ ಅಂಗಡಿಯಿಟ್ಟ ಹೊಸ ಮದುವೆಯ ಜೋಡಿ, ಇರಬೇಕೆಂದು ಬಯಸಿದರೂ, ಅಲ್ಲಿ ಮನೆ ಕೊಳ್ಳಲಾರದು. ಹೋಗುವ ಹಕ್ಕಿನ ಬಗ್ಗೆ ಮಾತಾಡುವವರು ಇರುವ ಹಕ್ಕಿನ ಬಗ್ಗೆಯೂ ಮಾತಾಡಬೇಕು.

ಕೆಲಸದ ಮಾತು ಬಂದಾಗಲೂ ಇದೇ ಪ್ರಶ್ನೆ. ರಿಯಾದ್‌ಗಳು ಅಡುಗೆಯವರಿಗೆ, ಕೋಣೆ ಸ್ವಚ್ಛ ಮಾಡುವವರಿಗೆ, ರಾತ್ರಿ ಕಾವಲಿನವರಿಗೆ ಕೆಲಸ ಕೊಟ್ಟಿವೆ. ಅದರಲ್ಲೂ ಮನೆಯ ಹೊರಗೆ ದುಡಿಯಲು ಬೇರೆ ದಾರಿಯಿಲ್ಲದ ಹೆಂಗಸರಿಗೆ. ಇದು ದೊಡ್ಡ ಸಂಗತಿ, ಇದನ್ನು ಕಡೆಗಣಿಸುವವರ ಜೊತೆ ನಾನಿಲ್ಲ. ಆದರೆ ಅಡುಗೆಯಾಕೆ ಬೆಳಿಗ್ಗೆ ಬಸ್ಸು ಹತ್ತಿ ಬಂದು, ತನ್ನ ಅಜ್ಜಿ ಮಾಡುತ್ತಿದ್ದ ಅಡುಗೆಯನ್ನು ತನ್ನ ಅಜ್ಜಿ ಇದ್ದಂಥ ಮನೆಯಲ್ಲೇ ಮಾಡಿ, ಸಂಜೆ ಮದೀನಾದ ಹೊರಗೆ ಮನೆಗೆ ಹೋಗುವ ವ್ಯವಸ್ಥೆಯನ್ನು ಪರಂಪರೆಯ ರಕ್ಷಣೆ ಎಂದು ಕರೆಯುವಾಗ ನಾಲಿಗೆ ತಡೆಯಬೇಕು.

ಓಣಿಯಾಗಿ ಲೆಕ್ಕ ಹಾಕಬೇಕೆನ್ನಲು ಇನ್ನೂ ಒಂದು ಕಾರಣವಿದೆ. 2023ರ ಸೆಪ್ಟೆಂಬರ್ 8ರ ರಾತ್ರಿ 6.8 ತೀವ್ರತೆಯ ಭೂಕಂಪ ಅಟ್ಲಾಸ್ ಬೆಟ್ಟದ ಹಳ್ಳಿಗಳನ್ನು ನೆಲಸಮ ಮಾಡಿ ಸುಮಾರು ಮೂರು ಸಾವಿರ ಜನರನ್ನು ಕೊಂದಿತು. ಮರಾಕೆಶ್‌ನ ಮದೀನಾದಲ್ಲೂ, ಅದರಲ್ಲೂ ಮೆಲ್ಲಾಹ್ ಎಂಬ ಹಳೆಯ ಯಹೂದಿ ಕೇರಿಯಲ್ಲಿ, ಮನೆಗಳು ಬಿದ್ದವು. ಒಂದಕ್ಕೊಂದು ಒರಗಿ ನಿಂತ ಊರಿನಲ್ಲಿ ಪಕ್ಕದ ಮನೆ ದುರ್ಬಲವಾಗಿದ್ದರೆ ನಿಮ್ಮ ಗಟ್ಟಿ ಗೋಡೆಗೂ ಭರವಸೆಯಿಲ್ಲ. ರಿಯಾದ್‌ನ ಮಾಲೀಕನ ಸ್ವಂತ ಹಿತಕ್ಕೂ ನೆರೆಯ ಬಾಡಿಗೆಯವರ ಗೋಡೆ ಬೇಕು.

ಹಾಗಾದರೆ ರಿಯಾದ್‌ನಲ್ಲಿ ಉಳಿಯುವುದೇ ಬೇಡವೆ? ಉಳಿಯಿರಿ ಎಂದೇ ನನ್ನ ಅಭಿಪ್ರಾಯ. ಆದರೆ ಲೆಕ್ಕದ ಘಟಕ ಬದಲಾಗಬೇಕು. ಅತಿಥಿಗೃಹದ ಪರವಾನಗಿಯನ್ನು ಮನೆಯೊಂದನ್ನೇ ನೋಡಿ ಕೊಡುವ ಬದಲು ದರ್ಬ್ ನೋಡಿ ಕೊಡಬೇಕು: ಈ ಓಣಿಯಲ್ಲಿ ಈಗ ಎಷ್ಟು ಮನೆಗಳಲ್ಲಿ ಜನ ವಾಸವಿದ್ದಾರೆ, ಎಷ್ಟು ಅತಿಥಿಗೃಹಗಳಿವೆ, ಮಿತಿ ಮುಟ್ಟಿದೆಯೇ. ಅತಿಥಿ ರಾತ್ರಿಗಿಷ್ಟು ಎಂದು ಕೊಡುವ ವಾಸ್ತವ್ಯ ತೆರಿಗೆಯಲ್ಲಿ ಒಂದು ಪಾಲು ಆ ಓಣಿಯ ಹಂಚಿಕೆಯ ಗೋಡೆ, ಚರಂಡಿ, ಒಲೆ, ಹಮ್ಮಾಮುಗಳಿಗೇ ಹೋಗಬೇಕು. ಇದು ಆಗದ ಕನಸೇನಲ್ಲ. ಫೆಜ್‌ನಲ್ಲಿ ಮದೀನಾದ ಪುನರುಜ್ಜೀವನಕ್ಕೆಂದೇ 1989ರಲ್ಲಿ ಹುಟ್ಟಿದ ಸಂಸ್ಥೆಯೊಂದು, ಕುಸಿಯುವ ಮನೆಗಳನ್ನು ಗಟ್ಟಿಮಾಡುವ ಖರ್ಚಿನಲ್ಲಿ ಸರ್ಕಾರದ ಪಾಲು ಸೇರಿಸಿ, ವಾಸವಿರುವವರು ಅಲ್ಲೇ ಇರುವಂತೆ ಕೆಲಸ ಮಾಡಿದೆ. ಪ್ರವಾಸಿಯ ಹಣವಿಲ್ಲದೆ ಮನೆ ಉಳಿಯುವುದೇ ಇಲ್ಲವೆಂಬ ಮಾತಿಗೆ ಅಲ್ಲಿ ಉತ್ತರವಿದೆ. ಫೆಜ್‌ನಲ್ಲೇ ಕೆಲವು ಕುಟುಂಬಗಳು ತಾವು ವಾಸವಿರುವ ಮನೆಯ ಒಂದೆರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಡುತ್ತವೆ. ಬಚ್ಚಲು ಹಂಚಿಕೊಳ್ಳಬೇಕಾಗಬಹುದು, ಮಕ್ಕಳ ಗಲಾಟೆ ಇರುತ್ತದೆ, ಅಜ್ಜಿ ಟಿವಿ ಜೋರಾಗಿ ಹಾಕಿರುತ್ತಾರೆ. ಚಿತ್ರದಲ್ಲಿ ಕಾಣುವ ರಿಯಾದ್ ಅದಲ್ಲ, ಆದರೆ ಮಸ್ರಿಯಾದ ಹಳೆಯ ಜಾಣ್ಮೆಗೆ ಅದು ಹೆಚ್ಚು ಹತ್ತಿರ.

ಹೊರಗಿನವರು ಮದೀನಾದಲ್ಲಿ ಇರಲೇಬಾರದೆಂಬ ವಾದವನ್ನೂ ನಾನು ಒಪ್ಪುವುದಿಲ್ಲ. ಸ್ಪೇನಿನ ಕಾದಂಬರಿಕಾರ ಹುವಾನ್ ಗೊಯ್ತಿಸೋಲೊ ದಶಕಗಳ ಕಾಲ ಮರಾಕೆಶ್‌ನ ಮದೀನಾದಲ್ಲಿದ್ದರು, ಅಲ್ಲಿನ ಆಡುಮಾತಿನ ಅರಬ್ಬಿ ಕಲಿತರು, ಮೊರಾಕ್ಕೊದ ಕುಟುಂಬವೊಂದರ ಜೊತೆ ಒಂದೇ ಮನೆಯಲ್ಲಿ ಬದುಕಿ 2017ರಲ್ಲಿ ಅಲ್ಲೇ ತೀರಿಕೊಂಡರು. ಆ ಊರಿನ ಜೆಮಾ ಎಲ್-ಫ್ನಾ ಚೌಕದ ಕಥೆಗಾರರ, ಹಾಡುಗಾರರ ಪರಂಪರೆಯನ್ನು ಯುನೆಸ್ಕೊ 2001ರಲ್ಲಿ ಗುರುತಿಸಿದ್ದರ ಹಿಂದೆ ಅವರ ಹೋರಾಟವಿತ್ತು. ಅವರು ಕೇಳಿದ್ದು ಚೌಕದ ನೆಲಹಾಸಿನ ರಕ್ಷಣೆಯನ್ನಲ್ಲ, ಅದರ ಮೇಲೆ ನಿಂತು ಕಥೆ ಹೇಳುವವರದ್ದನ್ನು. ಮನೆಗಳ ವಿಷಯದಲ್ಲಿ ಅಂಥ ಒತ್ತಾಯ ಇನ್ನೂ ಸಾಕಷ್ಟು ಕೇಳಿಬಂದಿಲ್ಲ.

ಎರಡು ರಾತ್ರಿಗೆ ಹೋಗುವವರಿಂದ ಗೊಯ್ತಿಸೋಲೊ ಆಗಲು ಸಾಧ್ಯವಿಲ್ಲ. ಕೋಣೆ ಕಾಯ್ದಿರಿಸುವ ಮುಂಚೆ ಪ್ರಶ್ನೆ ಕೇಳಲು ಸಾಧ್ಯ. ಮಾಲೀಕರು ಎಲ್ಲಿರುತ್ತಾರೆ? ಕೆಲಸದವರು ಮದೀನಾದವರೇ, ಅವರಿಗೆ ಸಾಮಾಜಿಕ ಭದ್ರತೆಯ ನೋಂದಣಿಯಿದೆಯೇ? ಕೊಳವಿದ್ದರೆ ಅದರ ನೀರು ಎಲ್ಲಿಂದ? ರೊಟ್ಟಿ ಯಾವ ಒಲೆಯದು? ಓಣಿಯಲ್ಲಿ ಇನ್ನೂ ಎಷ್ಟು ಮನೆಗಳಲ್ಲಿ ಸಂಸಾರಗಳಿವೆ? ಈಗ ಗಿರಾಕಿಗಳು ಕೇಳುವುದು ವೈಫೈ, ಏಸಿ, ವಿಮಾನ ನಿಲ್ದಾಣದಿಂದ ಕಾರು ಇವುಗಳ ಬಗ್ಗೆ. ಕೇಳಿದ್ದೆಲ್ಲವೂ ಹೆಚ್ಚಿನ ರಿಯಾದ್‌ಗಳಲ್ಲಿ ಹಾಜರಾಗಿದೆ. ಒಲೆಯ ಬಗ್ಗೆ ಸಾಕಷ್ಟು ಜನ ಕೇಳಿದರೆ ಮಾಲೀಕರು ಬೆಳಗಿನ ರೊಟ್ಟಿಯನ್ನು ಫರ್ರಾನ್‌ಗೆ ಕಳಿಸಲು ಶುರುಮಾಡುತ್ತಾರೆ, ಒಲೆಯವನಿಗೆ ದಿನಕ್ಕೆ ಮೂವತ್ತು ರೊಟ್ಟಿ ಹೆಚ್ಚಾಗುತ್ತದೆ.